ನೀವು ಬರದಿದ್ರೆ ಯಾರು?

ಯಾವ ಆಸ್ಪತ್ರೆಗೆ ಎಷ್ಟು ನರ್ಸುಗಳು, ಯಾವ ಕಚೇರಿಗೆ ಎಷ್ಟು ಗುಮಾಸ್ತರು ಬೇಕೆಂದು ನಿರ್ಧರಿಸಿ ಕಳಿಸುವ ಸರ್ಕಾರಿ ಇಲಾಖೆಯಲ್ಲೇ ಅತ್ತೆ ಕೂದಲು ನರೆಸಿಕೊಂಡವರು, ನಿವೃತ್ತರಾದ ಮೇಲೂ ಅವರ ಕಣ್ಣು ಮಾತ್ರ ನಿವೃತ್ತವಾಗಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನನ್ನೂ ಬಾಗಿಲಲ್ಲಿ ಹಾಲಿನವನನ್ನೂ ಕೇಳುತ್ತಿದ್ದುದು ಒಂದೇ ಮಾತು: "ನೀವು ಬರದಿದ್ರೆ ಯಾರು?" ಮದುವೆಮನೆಯಲ್ಲಿ ಮದುಮಗನನ್ನೂ ಹಾಗೆ ಕೇಳಿಬಿಟ್ಟಾರೆಂದು ಮಾವ ಅವರನ್ನು ಹಿಂದಿನ ಸಾಲಿನಲ್ಲೇ ಕೂರಿಸುತ್ತಿದ್ದರು. "ಊರಿಗೆಲ್ಲ ಆಳು ಹೊಂದಿಸ್ತೀಯ, ನನಗೊಂದು ಲೋಟ ಕಾಫಿ ಹೊಂದಿಸೇ" ಎಂದು ಮಾವ ಛೇಡಿಸಿದರೆ, "ಆ ಹುದ್ದೆಗೆ ನಿಮ್ಮನ್ನ ಮದುವೆ ದಿನಾನೇ ನೇಮಿಸಿದೀನಲ್ರೀ" ಎನ್ನುತ್ತಿದ್ದರು. ನೆರೆ ನುಗ್ಗಿದ ವರ್ಷವೂ ಒಂದೇ ಒಂದು ಆಸ್ಪತ್ರೆಯೂ ಬಾಗಿಲು ಹಾಕದಂತೆ ನೋಡಿಕೊಂಡರಂತೆ. ಆದರೆ ತೆರೆದೇ ಇದ್ದ ಬಾಗಿಲಿಗಾಗಿ ಯಾರು ಯಾರಿಗೆ ಹಾರ ಹಾಕುತ್ತಾರೆ? ಸಂಜೆಯಾದರೆ ಮೊಮ್ಮಗಳನ್ನೆತ್ತಿಕೊಂಡು ಎದುರುಮನೆಯ ದರ್ಜಿಯಮ್ಮನಲ್ಲಿಗೆ ಹೋಗಿ, ಮಗುವನ್ನು ಅವಳ ತೊಡೆಗೆ ಹಾಕಿ ಮಾತಿಗೆ ಕೂರುವರು. ಅದು ಹರಟೆಯ ಚಟವೆಂದು ಸೊಸೆ ಒಳಗೊಳಗೇ ನಗುತ್ತಿದ್ದಳು. ಅತ್ತೆ ಇದ್ದಕ್ಕಿದ್ದಂತೆ ತೀರಿಕೊಂಡರು. ಹೆರಿಗೆ ರಜೆ ಮುಗಿದ ಬೆಳಿಗ್ಗೆ ಸೊಸೆ, ಮಗುವನ್ನು ಯಾರ ಕೈಗೆ ಕೊಡುವುದೆಂದು ತೋಚದೆ, ಕೆಲಸವನ್ನೇ ಬಿಟ್ಟುಬಿಡೋಣವೆಂದು ಹೊಸ್ತಿಲಲ್ಲಿ ಕೂತಿದ್ದಾಗ ದರ್ಜಿಯಮ್ಮ ರಸ್ತೆ ದಾಟಿ ಬಂದಳು. "ಕೊಡಮ್ಮ ಇಲ್ಲಿ. 'ನಾನಿಲ್ಲದಿದ್ರೆ ಇವಳಿಗೆ ಯಾರು?' ಅಂತ ನಿಮ್ಮತ್ತೆ ದಿನಾ ಕೇಳೋರು. ನಾನಿದೀನಿ ಅನ್ನೋವರೆಗೂ ಬಿಡಲಿಲ್ಲ ಪುಣ್ಯಾತ್ಗಿತ್ತಿ." ಸೊಸೆ ಬೆರಗಾಗಿ ಮಗುವನ್ನು ಚಾಚಿದಳು. ಮಗು ಅಳಲಿಲ್ಲ; ಆ ಭುಜದಲ್ಲಿ ತಲೆ ಇಡುವ ಜಾಗ ಅದಕ್ಕೆ ಆಗಲೇ ಗೊತ್ತಿತ್ತು.