ಗೊತ್ತಿಲ್ಲವೆಂದ ಪ್ರೊಫೆಸರ್

ಡಾಟ್‌ಕಾಮ್ ಭರಾಟೆಯ ಆ ವರ್ಷಗಳಲ್ಲಿ ರೆಡ್‌ವುಡ್ ಸಿಟಿಯ ನಮ್ಮ ಆಫೀಸಿನಲ್ಲಿ ‘ಗೊತ್ತಿಲ್ಲ’ ಎಂಬ ಪದ ಕಿವಿಗೆ ಬೀಳುವುದೇ ಅಪರೂಪವಾಗಿತ್ತೆಂದರೆ ತಾವು ನಂಬಬೇಕು. ಯಾವ ಷೇರು ಏರುತ್ತದೆಂಬುದು ನನ್ನ ಕ್ಷೌರಿಕನಿಗೂ ಖಚಿತವಾಗಿ ಗೊತ್ತಿತ್ತು. ಪ್ರಶ್ನೆ ಕೇಳಿದವನನ್ನೇ ಎಬ್ಬಿಸಿ ನಿಲ್ಲಿಸುವ ಮೈಸೂರಿನ ಅಧ್ಯಾಪಕರ ಗರಡಿಯಲ್ಲಿ ಪಳಗಿದ ನಾನಂತೂ, ದಾರಿ ಕೇಳಿದ ಅಪರಿಚಿತರಿಗೆ ಅಜ್ಞಾನ ತೋರ್ಪಡಿಸಿಕೊಳ್ಳುವ ಬದಲು ಯಾವುದಾದರೊಂದು ಫ್ರೀವೇ ತೋರಿಸಿ ಕಳಿಸುತ್ತಿದ್ದೆ. ಅವರೆಲ್ಲ ಎಲ್ಲಿಗೆ ತಲುಪಿದರೋ ದೇವರೇ ಬಲ್ಲ.

ಆಫೀಸಿನಿಂದ ಗಂಟೆ ದೂರದ ನಮ್ಮೂರು ಡಬ್ಲಿನ್ನಿನ ಸುಮತಿ ಅಕ್ಕ ಸಲಹೆಗೆಂದು ನನ್ನನ್ನು ಹುಡುಕಿಕೊಂಡು ಬಂದದ್ದು ಈ ಪಾಂಡಿತ್ಯದ ಖ್ಯಾತಿಯಿಂದಲೇ ಇರಬೇಕು. ಉಡುಪಿ ಕಡೆಯವರಾದ ಅವರು ಮನೆಯಲ್ಲೇ ಡೇಕೇರ್ ನಡೆಸುತ್ತ ನನ್ನ ಮಗನನ್ನೂ ಸಂಭಾಳಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮಗಳು ರಮ್ಯಾ ಓದುತ್ತಿದ್ದುದು ಸರ್ಕಾರದ ಹಣದಲ್ಲಿ ನಡೆದರೂ ತನ್ನ ರೀತಿನೀತಿಗಳನ್ನು ತಾನೇ ರೂಪಿಸಿಕೊಳ್ಳುವ ಒಂದು ಚಾರ್ಟರ್ ಶಾಲೆಯಲ್ಲಿ. ಆ ಶಾಲೆ ಹತ್ತಿರದ ವಿಶ್ವವಿದ್ಯಾಲಯವೊಂದರ ಜೊತೆ ಕೈಜೋಡಿಸಿ, ಇಂಥ ಮನೆಗಳ ಮಕ್ಕಳನ್ನು ಬೇಸಿಗೆಯಲ್ಲಿ ಅಲ್ಲಿನ ಹಾಸ್ಟೆಲಿನಲ್ಲಿರಿಸಿ, ಪ್ರೊಫೆಸರುಗಳಿಂದಲೇ ಪಾಠ ಹೇಳಿಸುತ್ತಿತ್ತು. ಮುಂದೆ ಕಾಲೇಜು ಸೇರುವ ಹಾದಿ ಸುಗಮವಾಗಲೆಂದು. ರಮ್ಯಾ ಆಯ್ಕೆಯಾಗಿದ್ದಳು. ಅಕ್ಕನಿಗೋ ದಿಗಿಲು. ಒಬ್ಬಳೇ ಮಗಳು, ಮನೆ ಬಿಟ್ಟು ಮಲಗಿದವಳಲ್ಲ. ಹೋಗಿ ಸೋತು ಕುಗ್ಗಿಬಿಟ್ಟರೆ?

“ನೀವು ಓದಿದವರಲ್ವಾ, ಒಮ್ಮೆ ಬಂದು ನೋಡಿ ಮಾರಾಯ್ರೆ. ನೋಡಿ ಆದ ಮೇಲೆ ಬೇಡ ಅಂತ ಹೇಳ್ತೇನೆ ಅವಳಿಗೆ,” ಎಂದರು.

ವಿಶ್ವವಿದ್ಯಾಲಯಕ್ಕೆ ತಂದೆತಾಯಂದಿರನ್ನು ಕರೆದಿದ್ದ ದಿನ ಅಕ್ಕ, ರಮ್ಯಾ, ನಾನು ಮೂವರೂ ನನ್ನ ಕಾರಿನಲ್ಲಿ ಹೊರಟೆವು. ರಮ್ಯಾ ಖಂಡಿತ ಗೆಲ್ಲುತ್ತಾಳೆಂದು ನಾನು ದಾರಿಯುದ್ದಕ್ಕೂ ಪ್ರವಚನ ಕೊಟ್ಟೆ. ಅಲ್ಲಿ ಶಾಲೆಯ ಮುಖ್ಯಸ್ಥೆಯೂ ಅದನ್ನೇ ಹೇಳಿದರು. ಅಕ್ಕ ಯಾರಿಗೂ ಬಗ್ಗದೆ ಹಾಸ್ಟೆಲಿನ ಬಚ್ಚಲುಮನೆಯ ಚಿಲಕ ಎಳೆದು ನೋಡಿದರು, ಹಾಸಿಗೆ ಒತ್ತಿ ನೋಡಿದರು. ಕೊನೆಗೆ ಗಣಿತದ ವೃದ್ಧ ಪ್ರೊಫೆಸರರ ಮುಂದೆ ನಿಂತು, ತಮಗೆ ಬಂದ ಇಂಗ್ಲಿಷಿನಲ್ಲೇ, ನನ್ನ ಮಗಳ ಕೈಲಿ ಇದು ಆಗುತ್ತದೆಯೇ ಎಂದು ಕೇಳಿಬಿಟ್ಟರು.

ಆತ ರಮ್ಯಾಳನ್ನೊಮ್ಮೆ ನೋಡಿ, ಕೊಂಚ ಯೋಚಿಸಿ, ಗೊತ್ತಿಲ್ಲ ಎಂದರು. ಮೊದಮೊದಲು ಕಷ್ಟವಾಗಬಹುದು, ಆಗ ನನ್ನ ಕೋಣೆಗೆ ಬರಲಿ, ಇಬ್ಬರೂ ಕೂತು ನೋಡುತ್ತೇವೆ ಎಂದರು. ಕೆಲಸ ಕೆಟ್ಟಿತೆಂದುಕೊಂಡ ನಾನು, ಆ ಮಾತಿಗೆ ಒಂದಿಷ್ಟು ಸಕ್ಕರೆ ಬೆರೆಸಿ ಕನ್ನಡಿಸಲು ಬಾಯಿ ತೆರೆದೆ. ಅರ್ಥವಾಯಿತೆಂದು ಅಕ್ಕ ಕೈಸನ್ನೆಯಲ್ಲೇ ತಡೆದರು.

ಕಾರು ಹತ್ತಿದ ಮೇಲೆ ತೀರ್ಪು ಬಂತು. “ಅವರ ಹತ್ರ ಬಿಡ್ಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ್ರಲ್ಲ. ಉಳಿದವರೆಲ್ಲ ಸೀರೆ ಅಂಗಡಿಯವರ ಹಾಗೆ ಮಾತಾಡಿದ್ರು. ನೀವೂ ಸೇರಿ.”

ನಾನು ವಿನೀತನಾಗಿ ರಸ್ತೆ ನೋಡಿದೆ. ಹಿಂದಿನ ಸೀಟಿನಲ್ಲಿ ಕುಣಿಯುವಷ್ಟು ಖುಷಿಯಲ್ಲಿದ್ದ ರಮ್ಯಾ, ಸ್ವಲ್ಪ ದೂರ ಹೋದ ಮೇಲೆ ಮುಂದಕ್ಕೆ ಬಾಗಿ ತಾಯಿಯ ಭುಜದ ಮೇಲೆ ಗಲ್ಲವೂರಿದಳು.

“ಅಮ್ಮಾ, ವಿಲ್ ಯೂ ಬಿ ಓಕೆ ವಿದೌಟ್ ಮಿ?”

ಅಕ್ಕ ಕಿಟಕಿಯಾಚೆ ನೋಡುತ್ತ ಮಗಳ ಕೆನ್ನೆ ಸವರಿದರು.

“ಗೊತ್ತಿಲ್ಲ ಮಗಾ,” ಎಂದರು. “ನೋಡುವ.”