ಬೀಗರಿಗೆ ಊರು ತೋರಿಸಿದ್ದು

ನಮ್ಮ ಮನೆಗೆ ಬಂದವರು ಊರು ನೋಡದೆ ಹಿಂದಿರುಗಿದರೆ ನನಗೆ ಸಮಾಧಾನವಿಲ್ಲ. ಇದು ಅತಿಥಿ ಸತ್ಕಾರವೆಂದು ನಾನು ತಿಳಿದಿದ್ದೇನೆ. ರೋಗವೆಂದು ನನ್ನ ಹೆಂಡತಿ ಶಾರದಾ ತಿಳಿದಿದ್ದಾಳೆ. ಬಾದಾಮಿಯಲ್ಲಿ, ಅದೂ ಗುಡ್ಡದ ಬುಡದಲ್ಲೇ ಮನೆ ಮಾಡಿಕೊಂಡು, ಅಂಚೆ ಕಚೇರಿಯ ನೌಕರಿಯಿಂದ ನಿವೃತ್ತನಾಗಿ ಕೂತವನು ಇನ್ನೇನು ಮಾಡಬೇಕು ಹೇಳಿ. ಮದುವೆಯ ಆಮಂತ್ರಣ ಕೊಟ್ಟು ಮುಂದಿನ ಊರಿಗೆ ಓಡಬೇಕಾದವರನ್ನೂ ಒಂದನೆಯ ಗುಹೆಯವರೆಗಾದರೂ ಹತ್ತಿಸಿಯೇ ಕಳಿಸಿದ್ದೇನೆ. ಒಮ್ಮೆ ಹಲ್ಲುನೋವೆಂದು ದವಾಖಾನೆಗೆ ಕೆರೂರಿನಿಂದ ಬಂದಿದ್ದ ದೂರದ ಸಂಬಂಧಿಕರೊಬ್ಬರು ಕೆನ್ನೆಗೆ ಅಂಗೈ ಒತ್ತಿಕೊಂಡೇ ಎಲ್ಲ ಗುಹೆಗಳನ್ನೂ ನೋಡಿದರು. ಆಮೇಲೆ ಅವರು ಹಲ್ಲುನೋವಿಗೆ ಬಾಗಲಕೋಟೆಗೇ ಹೋಗುತ್ತಾರಂತೆ.

ನನ್ನ ದಾರಿ ಯಾವಾಗಲೂ ಒಂದೇ. ಮೊದಲು ದಕ್ಷಿಣದ ಗುಡ್ಡದ ಗುಹೆಗಳು, ಆಮೇಲೆ ಇಳಿದು ಅಗಸ್ತ್ಯ ತೀರ್ಥದ ದಂಡೆ, ದಂಡೆಯ ಆಚೆ ವಸ್ತುಸಂಗ್ರಹಾಲಯ, ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಕೆರೆಯ ಮೂಡಣ ತುದಿಯ ಭೂತನಾಥನ ಗುಡಿ. ನನ್ನ ಮಾತೂ ಯಾವಾಗಲೂ ಒಂದೇ ಎಂದು ಶಾರದಾ ಹೇಳುತ್ತಾಳೆ. ಅಡಿಗೆಮನೆಯಲ್ಲಿ ಕೂತೇ, ನಾನು ಈ ಹೊತ್ತಿಗೆ ಯಾವ ಕಂಬದ ಬಳಿ ನಿಂತು ಏನು ಹೇಳುತ್ತಿರಬಹುದು ಎಂದು ಆಕೆ ಸರಿಯಾಗಿ ಹೇಳಬಲ್ಲಳು.

ಆದರೆ ಯೋಚಿಸಿ ನೋಡಿ, ನಮ್ಮ ಊರಿಗೆ ಈ ವಿಷಯದಲ್ಲಿ ಹಳೆಯ ಕೆಟ್ಟ ಹೆಸರೊಂದಿದೆ. ಇಲ್ವಲ ಮತ್ತು ವಾತಾಪಿ ಎಂಬ ಅಣ್ಣತಮ್ಮಂದಿರು ಇಲ್ಲಿದ್ದ ರಾಕ್ಷಸರು. ಅತಿಥಿಗಳನ್ನು ಬಹಳ ಪ್ರೀತಿಯಿಂದ ಊಟಕ್ಕೆ ಕರೆಯುತ್ತಿದ್ದರು. ತಮ್ಮ ಆಡಾಗುತ್ತಿದ್ದ, ಅಣ್ಣ ಆ ಆಡನ್ನು ಕಡಿದು ಬಡಿಸುತ್ತಿದ್ದ. ಉಂಡಾದ ಮೇಲೆ ಅಣ್ಣ ತಮ್ಮನ ಹೆಸರು ಹಿಡಿದು ಕರೆದರೆ ಸಾಕು, ಅವನು ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಬರುತ್ತಿದ್ದ. ಕೊನೆಗೆ ಅಗಸ್ತ್ಯ ಮುನಿ ಬಂದು ಉಂಡು, ಹೊಟ್ಟೆ ಸವರಿಕೊಂಡು, ವಾತಾಪಿಯನ್ನು ಒಳಗೇ ಅರಗಿಸಿಕೊಂಡ. ಊರಿಗೆ ರಾಕ್ಷಸನ ಹೆಸರು, ಕೆರೆಗೆ ಮುನಿಯ ಹೆಸರು ಉಳಿಯಿತು. ಅತಿಥಿಗಳ ಮೇಲೆ ನಾನು ತೋರುವ ಅತಿ ಉತ್ಸಾಹ ಆ ಪುರಾತನ ಅಪವಾದವನ್ನು ತೊಳೆಯುವ ಪ್ರಯತ್ನ ಎಂದು ನಾನೊಮ್ಮೆ ಶಾರದಾಗೆ ವಿವರಿಸಿದೆ. "ಅವರು ಹೊಟ್ಟಿ ಸೀಳತಿದ್ರು, ನೀವು ಕಾಲ ಮುರೀತೀರಿ, ಅಷ್ಟ ಫರಕ" ಎಂದಳು.

ಇರಲಿ. ನಾನು ಹೇಳಬೇಕೆಂದಿರುವುದು ನಮ್ಮ ಬೀಗರು ಬಂದ ದಿನದ ಸಂಗತಿ.

ನಮ್ಮ ಒಬ್ಬಳೇ ಮಗಳು ಗೀತಾಳನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದೇವೆ. ಅಳಿಯ ಗ್ರಾನೈಟ್ ಕಾರ್ಖಾನೆಯೊಂದರ ಕಚೇರಿಯಲ್ಲಿದ್ದಾನೆ. ಬೀಗರು, ಎಂದರೆ ಗೀತಾಳ ಮಾವ ಶಂಕರಪ್ಪನವರು, ಮನೆಯ ಪಡಸಾಲೆಯಲ್ಲಿ ನೆಲದ ಕುಣಿಗೆ ಕಾಲು ಇಳಿಬಿಟ್ಟು ಇನ್ನೂ ಕೈಮಗ್ಗದಲ್ಲೇ ಸೀರೆ ನೇಯುತ್ತಾರೆ. ಅಕ್ಕಪಕ್ಕದ ಎಷ್ಟೋ ಮನೆಗಳಲ್ಲಿ ವಿದ್ಯುತ್ ಮಗ್ಗ ಬಂದರೂ ಅವರು ಬದಲಾಗಲಿಲ್ಲ. ಬಹಳ ಕಡಿಮೆ ಮಾತಿನ ಮನುಷ್ಯ. ಮದುವೆಯ ಮಾತುಕತೆಯಲ್ಲೂ ಅವರ ಪಾಲಿನ ಮಾತನ್ನೆಲ್ಲ ನಾನೇ ಆಡಿದ್ದೆ.

ಆ ವರ್ಷ ಗೀತಾ ಮದುವೆಯಾದ ಮೇಲಿನ ಮೊದಲ ಪಂಚಮಿಗೆಂದು ತವರಿಗೆ ಬಂದಳು. ಹಬ್ಬ ಮುಗಿಯಿತು. ಡಬ್ಬಿಯಲ್ಲಿದ್ದ ಉಂಡಿಗಳೂ ಮುಗಿದವು. ಜೋಕಾಲಿ ಬಿಚ್ಚಿ ಹಗ್ಗವನ್ನು ಅಟ್ಟದ ಮೇಲೆ ಇಟ್ಟಾಯಿತು. ಮಗಳು ಮಾತ್ರ ಹೊರಡುವ ಮಾತೆತ್ತಲಿಲ್ಲ. ಅಳಿಯನ ಫೋನು ಬಂದರೆ ಹಿತ್ತಿಲಿಗೆ ಹೋಗಿ ಮೆಲ್ಲಗೆ ಮಾತಾಡುತ್ತಿದ್ದಳು. ಶಾರದಾ ಕೇಳಿದರೆ "ಏನಿಲ್ಲಬೇ" ಎನ್ನುತ್ತಿದ್ದಳು. ನಾನು ಕೇಳಲಿಲ್ಲ. ಚಾಲುಕ್ಯರ ವಂಶಾವಳಿಯನ್ನು ಒಂದೇ ಉಸಿರಿನಲ್ಲಿ ಹೇಳುವ ನನಗೆ, ಸ್ವಂತ ಮಗಳನ್ನು 'ಯಾಕವ್ವ, ಏನಾತು' ಎಂದು ಕೇಳಲು ಆಗುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವಳ ತಟ್ಟೆಯನ್ನು ನೋಡುತ್ತಿದ್ದೆ. ರೊಟ್ಟಿಯನ್ನು ಚೂರು ಚೂರು ಮಾಡುತ್ತಿದ್ದಳು, ತಿನ್ನುತ್ತಿರಲಿಲ್ಲ.

ಹೀಗೆ ತಿಂಗಳು ಹತ್ತಿರವಾದಾಗ ಒಂದು ಮುಂಜಾನೆ ಬೀಗರು ಒಬ್ಬರೇ ಬಂದರು. ಗುಡೂರಿನ ಮೇಲಿನಿಂದ ಬರುವ ಮೊದಲ ಬಸ್ಸು ಹಿಡಿದಿದ್ದರು. ಕೈಯಲ್ಲಿ ಕರದಂಟಿನ ಪೊಟ್ಟಣ. ಬಿಳಿ ಧೋತರ, ಬಿಳಿ ಅಂಗಿ, ಟೊಪ್ಪಿಗೆ. ಯಾವುದೋ ದೊಡ್ಡ ಮಾತಿಗೆಂದೇ ಉಟ್ಟು ಬಂದಂತಿತ್ತು. ಗೀತಾ ನೀರು ತಂದಿಟ್ಟು, ಅವರ ಪಾದ ಮುಟ್ಟಿ, ಮುಖ ಎತ್ತದೆ ಒಳಗೆ ಹೋದಳು. ಅವರು ನೀರಿನ ಲೋಟವನ್ನು ಹಿಡಿದುಕೊಂಡು ಕೂತರು. ನಾನು ಅವರೆದುರು ಕೂತೆ. ಗೋಡೆಯ ಗಡಿಯಾರ ಅಷ್ಟು ಜೋರಾಗಿ ಸಪ್ಪಳ ಮಾಡುತ್ತದೆಂದು ನನಗೆ ಅಂದೇ ತಿಳಿದದ್ದು.

"ಮಳಿ ಹೆಂಗೈತ್ರಿ ನಿಮ್ಮ ಕಡೆ?" ಎಂದೆ.

"ಐತ್ರಿ" ಎಂದರು.

ಮಳೆಯ ವಿಷಯ ಮುಗಿಯಿತು. ಅವರು ಯಾಕೆ ಬಂದಿದ್ದಾರೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಸೊಸೆಯನ್ನು ಕಳಿಸಿರಿ ಎನ್ನಲು ಬಂದರೋ, ಇನ್ನು ನಿಮ್ಮಲ್ಲೇ ಇಟ್ಟುಕೊಳ್ಳಿರಿ ಎನ್ನಲು ಬಂದರೋ? ಅವರು ಗಂಟಲು ಸರಿಮಾಡಿಕೊಂಡದ್ದೇ ತಡ, ನನ್ನ ಬಾಯಿ ತಾನಾಗಿಯೇ ತೆರೆಯಿತು: "ಬೀಗರ, ನೀವು ನಮ್ಮೂರ ಒಮ್ಮೆನೂ ನೋಡಿಲ್ಲಲ್ರಿ! ಏಳ್ರಿ, ಬಿಸಲ ಏರೂದ್ರಾಗ ಗವಿ ನೋಡಿ ಬರೂಣು."

ಬಾಗಿಲಲ್ಲಿ ನಿಂತಿದ್ದ ಶಾರದಾ ನನ್ನನ್ನು ನೋಡಿದ ನೋಟವನ್ನು ನಾನು ವರ್ಣಿಸುವುದಿಲ್ಲ. ಆದರೆ ಆಶ್ಚರ್ಯವೆಂದರೆ ಬೀಗರು ಥಟ್ಟನೆ ಎದ್ದು ಚಪ್ಪಲಿ ಮೆಟ್ಟಿದರು.

ಮೆಟ್ಟಿಲು ಹತ್ತುವಾಗ ನನಗೆ ಜೀವ ಬಂತು. ಒಂದನೆಯ ಗುಹೆಯ ನಟರಾಜನ ಮುಂದೆ ನಿಲ್ಲಿಸಿ, ಹದಿನೆಂಟು ಕೈಗಳಲ್ಲಿ ಯಾವ ಎರಡನ್ನು ಕೂಡಿಸಿದರೆ ಯಾವ ಭಂಗಿಯಾಗುತ್ತದೆಂದು ಕೈಯಾಡಿಸಿ ತೋರಿಸಿದೆ. ಬೀಗರು "ಹೂಂ" ಎಂದರು. ಎರಡನೆಯ ಗುಹೆಯಲ್ಲಿ ವಾಮನ ಮೂರು ಲೋಕ ಅಳೆದ. ಅದಕ್ಕೂ "ಹೂಂ". ಕೋತಿಯೊಂದು ಬಂದು ಅವರ ಟೊಪ್ಪಿಗೆಯನ್ನೇ ದಿಟ್ಟಿಸಿ ನೋಡಿದಾಗ ಮಾತ್ರ ಅದನ್ನು ತೆಗೆದು ಕಿಸೆಗೆ ಹಾಕಿಕೊಂಡು, "ಇವು ಯಾವ ರಾಜರ ಕಾಲದಾಗಿನವ್ರಿ?" ಎಂದರು. ಅದು ತಮಾಷೆಯೋ, ನಿಜವಾದ ಪ್ರಶ್ನೆಯೋ ನನಗೆ ಇಂದಿಗೂ ತಿಳಿದಿಲ್ಲ. ನಾನಂತೂ ಉತ್ತರ ಕೊಟ್ಟೆ.

ಮೂರನೆಯ ಗುಹೆಯಲ್ಲಿ ನನ್ನ ಅದೃಷ್ಟ ಖುಲಾಯಿಸಿತು. ಮೈಸೂರಿನ ಕಡೆಯ ಒಂದು ದೊಡ್ಡ ಸಂಸಾರ ಅಲ್ಲಿ ಯಾರೂ ಹೇಳುವವರಿಲ್ಲದೆ ನಿಂತಿತ್ತು. ನಾನು ಬೀಗರಿಗೆ ಆದಿಶೇಷನ ಮೇಲೆ ಕೂತ ವಿಷ್ಣುವನ್ನು ತೋರಿಸುತ್ತಿದ್ದೆ. ಅವರೆಲ್ಲ ಮೆಲ್ಲಗೆ ಹತ್ತಿರ ಸರಿದರು. ಒಬ್ಬಾಕೆ "ಸ್ವಲ್ಪ ಜೋರಾಗಿ ಹೇಳಿ ಸಾರ್, ಹಿಂದಿನವರಿಗೂ ಕೇಳಿಸಲಿ" ಎಂದರು. ಜೀವನದಲ್ಲಿ ನನ್ನನ್ನು ಜೋರಾಗಿ ಮಾತಾಡೆಂದು ಯಾರೂ ಕೇಳಿರಲಿಲ್ಲ. ಕಂಬದಿಂದ ಕಂಬಕ್ಕೆ ಹಾರಿದೆ. ಮಂಗಳೇಶನನ್ನೂ ಪುಲಕೇಶಿಯನ್ನೂ ಹೊಗಳಿದೆ, ಅವರಿಬ್ಬರ ಜಗಳಕ್ಕೆ ಬಂದಾಗ ದನಿಯನ್ನು ತಗ್ಗಿಸಿದೆ, ಛಾವಣಿ ತೋರಿಸಲು ಎಲ್ಲರ ಕತ್ತು ಒಟ್ಟಿಗೆ ಮೇಲೆತ್ತಿಸಿದೆ. ನಾಲ್ಕನೆಯ ಗುಹೆಯ ತೀರ್ಥಂಕರರ ಎದುರು ಮಾತು ಮುಗಿಸಿ, ಅವರು ಚಪ್ಪಾಳೆ ತಟ್ಟಿದಾಗ ಅರಸನಂತೆ ತಲೆಬಾಗಿ, ಪಕ್ಕಕ್ಕೆ ತಿರುಗಿ "ಹೆಂಗೈತ್ರಿ ಬೀಗರ?" ಎಂದೆ.

ಬೀಗರು ಇರಲಿಲ್ಲ.

ಮೂರನೆಯ ಗುಹೆಗೆ ಓಡಿದೆ. ಅಲ್ಲೂ ಇಲ್ಲ. ಎರಡನೆಯದರಲ್ಲಿ ಕೋತಿ ಇತ್ತು, ಅವರಿರಲಿಲ್ಲ. ಅವರ ಬಳಿ ಫೋನು ಇಲ್ಲ. ಅದನ್ನು ನಮ್ಮ ಮನೆಯ ಟೇಬಲ್ಲಿನ ಮೇಲೆ ಬಿಟ್ಟು ಬಂದದ್ದನ್ನು ನಾನೇ ನೋಡಿದ್ದೆ. ಬಂಡೆಗಳ ಸಂದಿಯಲ್ಲಿ ಇಣುಕಿದೆ. ಬೇಸರ ಮಾಡಿಕೊಂಡು ನೇರ ಬಸ್ಸು ಹತ್ತಿದರೇನೋ? ಸಂಸಾರದ ಮಾತಾಡಲು ಅಷ್ಟು ದೂರದಿಂದ ಬಂದ ಮನುಷ್ಯನನ್ನು ಗುಡ್ಡಕ್ಕೆ ಎಳೆದುಕೊಂಡು ಹೋಗಿ, ಅಲ್ಲಿ ಅಪರಿಚಿತರಿಂದ ಚಪ್ಪಾಳೆ ಗಿಟ್ಟಿಸುತ್ತ ಅವರನ್ನೇ ಮರೆತೆ. ಮನೆಗೆ ಹೋಗಿ ಮಗಳಿಗೆ ಏನೆಂದು ಹೇಳಲಿ? ನಿನ್ನ ಮಾವನನ್ನು ಕಳೆದುಬಿಟ್ಟೆ ಎಂದೇ? ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ನೆನಪಿಲ್ಲ.

ಅವರು ಸಿಕ್ಕಿದ್ದು ಅಗಸ್ತ್ಯ ತೀರ್ಥದ ನೀರಿಗಿಳಿಯುವ ಪಾವಟಿಗೆಗಳ ಮೇಲೆ. ಕೆರೆ ಆ ಮಳೆಗೆ ಚೆನ್ನಾಗಿ ತುಂಬಿತ್ತು. ಕೆಳಗೆ ಹೆಂಗಸರು ಸಾಲಾಗಿ ನಿಂತು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದ ಸಪ್ಪಳ ಎದುರಿನ ಕೆಂಪು ಬಂಡೆಗೆ ತಾಗಿ ಮರಳಿ ಬರುತ್ತಿತ್ತು. ಬೀಗರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಕೂತಲ್ಲೇ ನಿದ್ದೆ ಹೋದರೆಂದುಕೊಂಡೆ. ಅವರ ಬಲಗೈ ಮಾತ್ರ ತೊಡೆಯ ಮೇಲೆ ಆ ಸಪ್ಪಳದ ಲಯಕ್ಕೆ ಅತ್ತ ಇತ್ತ ಆಡುತ್ತಿತ್ತು.

"ಬೀಗರ, ಗಾಬರಿ ಮಾಡಿದ್ರಲ್ರಿ!" ಎಂದು ಪಕ್ಕದಲ್ಲಿ ಕುಸಿದೆ.

ಅವರು ಕಣ್ಣು ತೆರೆದರು. "ಮ್ಯಾಲಿಂದ ಈ ಸಪ್ಪಳ ಕೇಳಿಸ್ತರಿ. ನೀವು ಮಾತಿನಾಗ ಇದ್ರಿ, ನಡುವ ತಡೀಬಾರ್ದು ಅಂತ ಇಳದು ಬಂದೆ." ಕಿಸೆಯಿಂದ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ನಮ್ಮ ಮನ್ಯಾಗ ಸಪ್ಪಳಿಲ್ದ ಭಾಳ ದಿನಾತ್ರಿ."

"ಯಾಕ್ರಿ? ಮಗ್ಗ?"

"ನಿಲ್ಲಿಸೇನ್ರಿ."

ಆಮೇಲೆ ಅವರು ಹೇಳಿದ್ದು, ಅವರ ಲೆಕ್ಕದಲ್ಲಿ, ಒಂದು ವರ್ಷಕ್ಕಾಗುವಷ್ಟು ಮಾತು. ಒಂದು ಮುಂಜಾನೆ ಗೀತಾ ಗಂಡನ ಹತ್ತಿರ, ಈ ಮಗ್ಗದ ಸಪ್ಪಳಕ್ಕೆ ಬೆಳಗಿನ ಜಾವದ ನಿದ್ದೆಯೇ ಇಲ್ಲದಂತಾಗಿದೆ ಎಂದು ಅಂದದ್ದು ಪಡಸಾಲೆಯಲ್ಲಿದ್ದ ಇವರ ಕಿವಿಗೆ ಬಿತ್ತು. ಮರುದಿನದಿಂದ ಮಗ್ಗಕ್ಕೆ ಇಳಿಯಲಿಲ್ಲ. ಮನೆಯವರು ಕೇಳಿದರೆ ಬೆನ್ನುನೋವೆಂದರು. ಅರ್ಧ ನೇಯ್ದ ಸೀರೆ ಹಾಗೆಯೇ ಮಗ್ಗದ ಮೇಲಿದೆ. ಅಷ್ಟಾದರೂ ಸೊಸೆ ಪಂಚಮಿಗೆಂದು ಹೋದವಳು ಮರಳಲಿಲ್ಲ.

"ಆ ಕುಣಿ ಮುಚ್ಚಿಸಿ ಫರಸಿಕಲ್ಲ ಹಾಕಸ್ತೇನ್ರಿ. ಅಲ್ಲೇ ಮಗ-ಸೊಸಿಗೆ ಮಲಗಾಕ ಒಂದು ಛಲೋ ಕೋಲಿ ಆಕ್ಕತಿ. ಅದನ್ನ ಹೇಳಾಕಂತನ ಬಂದೆ. ಬಂದ್ ಮ್ಯಾಲ ಬಾಯಿ ಬರಲಿಲ್ಲ. ನೀವು ಗವಿ ನೋಡೂಣು ಅಂದ್ರಿ, ಅಷ್ಟರ ಹೊತ್ತು ಹೇಳೂದು ತಪ್ಪಿತಲ್ಲ ಅಂತ ಬಂದೇನ್ರಿ."

ಇಷ್ಟು ದೊಡ್ಡ ಕೆರೆಯ ದಂಡೆಯಲ್ಲಿ ಕೂತು, ಅದರ ಬಗ್ಗೆ ಒಂದು ಮಾತೂ ಹೇಳದೆ ಕೂತದ್ದು ಅಂದೇ ಮೊದಲು. ಮಗಳ ಮೇಲೆ ಸಿಟ್ಟು ಬಂತು, ಮರುಕ್ಷಣ ಅದು ಇಳಿಯಿತು. ಬೆಳಗಿನ ಜಾವ ನಿದ್ದೆಗೆಟ್ಟು ಗೊಣಗುವುದು ಯಾವ ದೊಡ್ಡ ಅಪರಾಧ? ತನ್ನದೇ ಮನೆಯೆಂದುಕೊಂಡವಳು ಮಾತ್ರ ಹಾಗೆ ಗೊಣಗುತ್ತಾಳೆ. ಆದರೆ ಮಗ್ಗ ನಿಂತಮೇಲೂ ಅವಳು ಯಾಕೆ ಹೋಗಲಿಲ್ಲ?

ಉತ್ತರವಿಲ್ಲದಾಗ ನಾನು ಮಾಡುವುದನ್ನೇ ಮಾಡಿದೆ. "ಬರ್ರಿ, ಮ್ಯೂಜಿಯಂ ಇಲ್ಲೇ ಐತಿ" ಎಂದು ಎಬ್ಬಿಸಿದೆ. ದಂಡೆ ಸುತ್ತಿ ಹೋದರೆ ಗೇಟಿಗೆ ಬೀಗ. ಅಂದು ಶುಕ್ರವಾರ, ಶುಕ್ರವಾರ ಅದು ತೆರೆಯುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನೇ. ಬೀಗರು ಬೀಗವನ್ನೂ ನನ್ನನ್ನೂ ನೋಡಿ, ಹೆಗಲು ಕುಣಿಯುವಂತೆ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೂ ನಗು ತಡೆಯಲಾಗಲಿಲ್ಲ. ಇಬ್ಬರು ಮುದುಕರು ಮುಚ್ಚಿದ ಗೇಟಿನೆದುರು ನಿಂತು ನಗುವುದನ್ನು ದಾರಿಯಲ್ಲಿ ಹೋಗುವವರು ತಿರುತಿರುಗಿ ನೋಡಿದರು.

ಮನೆಗೆ ಬಂದಾಗ ಶಾರದಾ ನನ್ನನ್ನು ಅಡಿಗೆಮನೆಗೆ ಎಳೆದಳು. ನಾನು ಹೇಳಬೇಕೆಂದಿದ್ದನ್ನು ನುಂಗಿಕೊಂಡು ಕೇಳಿದೆ. ಬೀಗರು ಯಾಕೆ ಬಂದರೋ ಎಂಬ ಭಯಕ್ಕೆ ಗೀತಾ ನಾವು ಹೊರಬಿದ್ದ ಕೂಡಲೇ ತಾಯಿಯ ಮುಂದೆ ಅತ್ತಿದ್ದಳು. ತಾನಾಡಿದ ಮಾತು, ಮರುದಿನವೇ ನಿಂತ ಮಗ್ಗ, ಬೆನ್ನುನೋವೆಂಬ ಸುಳ್ಳು, ಎಲ್ಲವೂ ಅವಳಿಗೆ ಅರ್ಥವಾಗಿತ್ತು. ಮಾವ ಒಂದು ಮಾತು ಬೈದಿದ್ದರೆ ಕ್ಷಮೆ ಕೇಳುತ್ತಿದ್ದಳು. ಅವರು ಬೈಯಲಿಲ್ಲ. ಸದ್ದಿಲ್ಲದ ಆ ಪಡಸಾಲೆಯನ್ನು ದಾಟಿ ದಿನಾ ಅವರಿಗೆ ಚಹಾ ಕೊಡುವುದು ಅವಳಿಂದ ಆಗಲಿಲ್ಲ.

"ನಿಮಗ್ಯಾರ ಹೇಳಿದ್ರು?" ಎಂದಳು ಶಾರದಾ, ನನ್ನ ಮುಖದಲ್ಲಿ ಆಶ್ಚರ್ಯವಿಲ್ಲದ್ದನ್ನು ನೋಡಿ.

"ಕೆರಿ ದಂಡಿ ಮ್ಯಾಲ ಹೇಳಿದ್ರು" ಎಂದೆ.

ಊಟಕ್ಕೆ ಗೀತಾಳೇ ಬಡಿಸಿದಳು. ಬೀಗರು ಮೊದಲ ತುತ್ತು ಮುರಿಯುವ ಮುಂಚೆಯೇ ಶುರು ಮಾಡಿದರು; ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದರೆಂದು ಕಾಣುತ್ತದೆ. "ಯವ್ವಾ, ಆ ಮಗ್ಗ ತಗಸಿಬಿಡ್ತೇನಿ."

ಗೀತಾಳ ಕೈಯಲ್ಲಿ ಪಲ್ಯದ ಸೌಟು ನಿಂತಿತು. "ಮಗ್ಗ ತಗಸಿದ್ರ ನಾ ಬರೂದಿಲ್ರಿ ಮಾವಾರ" ಎಂದಳು. ಅಳು ತಡೆದ ದನಿ. "ನಿದ್ದಿಗಣ್ಣಾಗ ಅಂದಿದ್ರಿ ನಾ. ತಪ್ಪಾತು. ಆ ಸಪ್ಪಳಿಲ್ದ ನನಗ ಮುಂಜಾನಿ ಹೊತ್ತು ಹೊಂಟದ್ದ ತಿಳಿಯೂದಿಲ್ಲ."

ಬೀಗರು ಮೊದಲ ತುತ್ತು ಮುರಿದು, "ಹಂಗಾರ ನೀ ಎದ್ದ ಮ್ಯಾಲ ಸುರು ಮಾಡ್ತೇನಿ" ಎಂದರು.

"ಸಪ್ಪಳಾದ್ರ ನಾ ಏಳೂದು."

"ನೀ ಎದ್ದ ಮ್ಯಾಲ ಮಗ್ಗ, ಮಗ್ಗ ಸುರುವಾದ ಮ್ಯಾಲ ನೀ ಏಳೂದು. ಹಿಂಗಾದ್ರ ಆ ಸೀರಿ ಮುಗಿಯೂದು ಯಾವಾಗವ್ವ?"

ಗೀತಾ ಸೌಟು ಹಿಡಿದುಕೊಂಡೇ ನಕ್ಕಳು, ಕಣ್ಣು ಒರೆಸಿಕೊಂಡಳು, ಅವರಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅಂದು ಅವಳೂ ಎರಡು ರೊಟ್ಟಿ ಉಂಡಳು. ನಾನು ಕದ್ದು ನೋಡಿದೆ.

ಊರು ತೋರಿಸುವ ನನ್ನ ಚಟದಿಂದ ಒಳ್ಳೆಯದಾಯಿತೆಂದು ನಾನು ಆಮೇಲೆ ಶಾರದಾಳ ಮುಂದೆ ಕೊಚ್ಚಿಕೊಳ್ಳಲು ಹೋದೆ. ನೀವು ಅಲ್ಲಿ ಏನು ತೋರಿಸಿದಿರಿ ಎನ್ನುವುದಕ್ಕಿಂತ, ಮನೆಯಿಂದ ಹೊರಗೆ ಹೋದಿರಿ ಎನ್ನುವುದೇ ಉಪಕಾರವಾಯಿತು ಎಂದಳು. ಅದೂ ನಿಜವಿರಬೇಕು. ಗಂಡಸರು ಎದುರುಬದುರು ಕೂತು ಆಡಲಾಗದ ಮಾತನ್ನು, ಅಕ್ಕಪಕ್ಕ ಕೂತು ಬೇರೇನನ್ನೋ ನೋಡುತ್ತ ಆಡುತ್ತಾರೆ. ಚಾಲುಕ್ಯರು ಅದಕ್ಕಾಗಿ ಅಷ್ಟು ದೊಡ್ಡ ಗುಡ್ಡ ಕೊರೆಯಬೇಕಿರಲಿಲ್ಲ; ಆದರೂ ಕೊರೆದದ್ದು ಒಳ್ಳೆಯದೇ ಆಯಿತು.

ಮಧ್ಯಾಹ್ನದ ಬಸ್ಸಿಗೆ ಮಾವ ಸೊಸೆ ಇಬ್ಬರೂ ಹೊರಟರು. ಮಗಳನ್ನು ಬಸ್ಸು ಹತ್ತಿಸುವಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಶಾರದಾ ಕಿಟಕಿಯ ಕೆಳಗೆ ಸಿದ್ಧವಾಗಿಯೇ ನಿಂತಳು. ಗೀತಾ ಕಿಟಕಿಯ ಪಕ್ಕ ಕೂತಿದ್ದಳು. ಆದರೆ ಅವಳ ಮುಖ ಒಳಗಡೆ ತಿರುಗಿತ್ತು. ಮಾವನಿಗೆ ಏನನ್ನೋ ಕೈ ಮಾಡಿ ಹೇಳುತ್ತಿದ್ದಳು, ಅವರೂ ಏನೋ ಹೇಳುತ್ತಿದ್ದರು, ಇಬ್ಬರೂ ಒಟ್ಟಿಗೇ. ಬಸ್ಸು ಹೊರಟಿತು, ತಿರುವಿನಲ್ಲಿ ಮರೆಯಾಯಿತು.

"ನಮ್ಮ ಕಡೆ ಕೈ ಸುದ್ದಾ ಮಾಡಲಿಲ್ಲ ನೋಡ್ರಿ ಆಕಿ" ಎಂದಳು ಶಾರದಾ. ದೂರು ಹೇಳುವವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ.