ಮನಸಿಂದ ಒಂದು ‘ವಾಹ್’

ಔಷಧಿ ಅಂಗಡಿಯವನು ಬೋರಿಕ್ ಪೌಡರಿನ ಡಬ್ಬಿ ಮುಂದಿಟ್ಟು, “ಗಾಯ ಎಲ್ಲಿ ಆಗೇತ್ರಿ?” ಎಂದು ಕೇಳಿದ. ಗಾಯ ಆಗಿರುವುದು ನನ್ನ ಮಾನಕ್ಕೆ, ಅದೂ ನಲವತ್ತು ವರ್ಷದಿಂದ ನಮ್ಮ ವೈನಿಯ ಎದುರು ಕೇರಂ ಆಡಿ ಸೋತು ಸೋತು, ಎಂದು ಅವನಿಗೆ ಹೇಗೆ ಹೇಳಲಿ? ನಕ್ಕು ಡಬ್ಬಿ ಕಿಸೆಗೆ ಹಾಕಿಕೊಂಡೆ.

ಕೇರಂ ಬೋರ್ಡಿಗೆ ಉದುರಿಸುವ ಆ ಪೌಡರನ್ನು ಮೂಸಿದರೆ ನಿಮಗೇನೂ ವಾಸನೆ ಬರಲಿಕ್ಕಿಲ್ಲ. ನನಗೆ ಮಾತ್ರ ಎಂಬತ್ತರ ದಶಕದ ನಮ್ಮ ಕುಡಚಿಯ ಮನೆಯ ಕಟ್ಟೆಯೇ ಎದ್ದು ಬರುತ್ತದೆ. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಕಾಗವಾಡದ ದ್ರಾಕ್ಷಿ ತೋಟದ ಮನೆಯಿಂದ ಬಂದವರು. ಹೊಸ ಹೆಂಡತಿಗೆ ಆಟ ಕಲಿಸುವ ಉಮೇದಿನಲ್ಲಿ ಅಣ್ಣ ಕೇರಂ ಬೋರ್ಡ್ ತಂದ. ವಾರದೊಳಗೆ ಅವರಿಗೇ ಸೋತು, ಹೊಲದಲ್ಲಿ ಕೆಲಸವಿದೆ ಎಂದು ಎದ್ದುಹೋದ. ಆ ಜಾಗಕ್ಕೆ ಬಂದು ಕುಳಿತವರು ಪಕ್ಕದ ಮನೆಯ ದಸ್ತಗೀರ ಚಾಚಾ. ರೈಲ್ವೆಯಿಂದ ನಿವೃತ್ತರಾದವರು, ಕೇರಂನಲ್ಲಿ ಆ ಸೀಮೆಗೇ ಹೆಸರಾದವರು.

ವೈನಿ ಮೊದಮೊದಲು ಸ್ಟ್ರೈಕರನ್ನು ಗುಂಡು ಹೊಡೆದ ಹಾಗೆ ಬಿಡುತ್ತಿದ್ದರು. ಚಾಚಾ ತಲೆ ಅಲ್ಲಾಡಿಸುತ್ತಿದ್ದರು. “ಬೇಟಿ, ಕಾಯಿನ ಬೈದು ಕಳಸಬ್ಯಾಡ. ಬೀಗರನ್ನ ಬಾಗಲತನಾ ಹೋಗಿ ಕಳಸ್ತೀಯಲ್ಲಾ, ಹಂಗ ಕಳಸು.”

ಒಮ್ಮೆ ಪೌಡರ್ ಮುಗಿದಾಗ ನಾನು ಜಾಣತನ ತೋರಿಸಿ ಬೋರ್ಡಿನ ಮೇಲೆ ಜೋಳದ ಹಿಟ್ಟು ಉದುರಿಸಿದೆ. ಸ್ಟ್ರೈಕರ್ ಅರ್ಧ ದಾರಿಯಲ್ಲೇ ಕುಳಿತಿತು. ಇರುವೆಗಳು ಆಟ ನೋಡಲು ಬಂದವು. ಅವ್ವ ನನ್ನನ್ನು ಬೈದಳು. ಚಾಚಾ ಮಾತ್ರ, “ಇರ್ಲಿ ಬಿಡ್ರಿ, ಇದರ ಮ್ಯಾಲ ಆಡಿದಾಕಿಗೆ ಎಂಥಾ ಬೋರ್ಡಾದ್ರೂ ನಡೀತೈತಿ” ಎಂದು ಮಳೆಗಾಲವಿಡೀ ವೈನಿಯನ್ನು ಹಿಟ್ಟಿನ ಮೇಲೇ ಆಡಿಸಿದರು.

ಚಾಚಾರದು ಇನ್ನೊಂದು ಶರತ್ತಿತ್ತು. ಎದುರಿನವರು ಚಂದ ಹೊಡೆದರೆ, ನಾವು ಸ್ಟ್ರೈಕರ್ ಮುಟ್ಟುವ ಮೊದಲು ‘ವಾಹ್’ ಅನ್ನಬೇಕು. ಮರೆತರೆ ಗಳಿಸಿದ ಕಾಯಿ ಒಂದು ವಾಪಸ್ಸು. ಹೊಟ್ಟೆ ಉರಿಯುವಾಗ ಬಾಯಲ್ಲಿ ವಾಹ್ ಹೇಗೆ ಬರಬೇಕು, ನೀವೇ ಹೇಳಿ. ನಾನು ಹಲ್ಲು ಕಚ್ಚಿಕೊಂಡು ಅನ್ನುತ್ತಿದ್ದೆ.

ಕೆಲವು ವರ್ಷಗಳಲ್ಲಿ ವೈನಿ ನಿಪ್ಪಾಣಿ, ಅಥಣಿಗಳ ಸ್ಪರ್ಧೆಗಳಲ್ಲಿ ಗೆದ್ದು ಕಪ್ ತರತೊಡಗಿದರು. ರಾಯಬಾಗದ ಸ್ಪರ್ಧೆಗೆ ಬೇರೆ ಹೆಣ್ಣುಮಕ್ಕಳು ಯಾರೂ ಹೆಸರು ಕೊಟ್ಟಿರಲಿಲ್ಲವಾದ್ದರಿಂದ ಅವರನ್ನು ಗಂಡಸರ ಜೊತೆಗೇ ಸೇರಿಸಿದರು. ಎಲ್ಲರನ್ನೂ ಸೋಲಿಸಿ ಫೈನಲಿಗೆ ಬಂದು ನೋಡಿದರೆ, ಎದುರಿಗೆ ಚಾಚಾ!

ವೈನಿಯ ಮುಖ ಸಪ್ಪಗಾಯಿತು. “ಕಲಿಸಿದವರನ್ನ ಸೋಲಿಸಿ ನಾಳೆ ಅವರ ಮಾರಿ ಹೆಂಗ ನೋಡ್ಲಿ? ನಾ ಗೆಲ್ಲಾಂಗಿಲ್ಲ” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಕೊನೆಯ ಬೋರ್ಡು, ಅಂದರೆ ಕೊನೆಯ ಸುತ್ತು. ಇಬ್ಬರದೂ ಒಂದೊಂದೇ ಕಾಯಿ ಉಳಿದಿತ್ತು. ವೈನಿಯ ಕಾಯಿ ಪಾಕೆಟ್ಟಿನ ಬಾಯಲ್ಲೇ ಇತ್ತು. ವೈನಿ ತಪ್ಪಿಸಿದರು. ಚಾಚಾ ಅವರನ್ನು ದಿಟ್ಟಿಸಿ ನೋಡಿ, ತಮ್ಮದನ್ನೂ ತಪ್ಪಿಸಿದರು. ವೈನಿ ಮತ್ತೆ ಕೂದಲೆಳೆಯಲ್ಲಿ ತಪ್ಪಿಸಿದರು, ಚಾಚಾ ಅದಕ್ಕಿಂತ ನಾಜೂಕಾಗಿ ತಪ್ಪಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಹಿಂಗಾದ್ರ ನಾ ಮನಿಗಿ ಹೋಗೂದು ಯಾವಾಗ್ರೀ?” ಎಂದರು ಅಂಪೈರು.

ಚಾಚಾ ಕೈ ಕಟ್ಟಿ ಕುಳಿತರು. “ಬೇಟಿ, ಇಷ್ಟ ವರ್ಷ ಶರತ್ತಿಗೆ ಅಂತ ಎಷ್ಟೋ ಮಂದಿಗೆ ವಾಹ್ ಅಂದೇನಿ. ಇವತ್ತ ಮನಸಿಂದ ಒಮ್ಮೆ ಅನ್ನಾಕ ಕೊಡ್ತೀಯೋ ಇಲ್ಲೋ?”

ವೈನಿ ಕಣ್ಣೊರೆಸಿಕೊಂಡು ಕಾಯಿಯನ್ನು ಬೀಗರ ಹಾಗೆ ಕಳಿಸಿದರು. ಚಾಚಾರ ‘ವಾಹ್’ ರಸ್ತೆಯ ತನಕ ಕೇಳಿಸಿತು. ಅಷ್ಟು ಸಂತೋಷವಾಗಿ ಸೋತವರನ್ನು ನಾನು ಮತ್ತೆ ನೋಡಿಲ್ಲ.

ಈಗ ಚಾಚಾ ಇಲ್ಲ. ವೈನಿಯ ಕೈ ಸ್ವಲ್ಪ ನಡುಗುತ್ತದೆ. ಈ ಸಂಜೆ ಹೊಸ ಡಬ್ಬಿ ಒಡೆದು ಆಡಲು ಕುಳಿತಾಗ ಅವರ ಹೊಡೆತ ತಪ್ಪಿತು. ನನ್ನ ಕೊನೆಯ ಕಾಯಿ ಪಾಕೆಟ್ಟಿನ ಬಾಯಲ್ಲಿತ್ತು. ಜನ್ಮದಲ್ಲಿ ಮೊದಲ ಗೆಲುವು ಕೈಯಳತೆಯಲ್ಲಿದ್ದರೂ ಮನಸ್ಸು ಬರಲಿಲ್ಲ. ಗುರಿ ತಪ್ಪಿಸಲೆಂದು ಸ್ಟ್ರೈಕರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ.

ವೈನಿ ಕನ್ನಡಕದ ಮೇಲಿಂದ ನೋಡಿದರು. “ತಮ್ಮಾ, ಬೀಗರು ಬಾಗಲದಾಗ ನಿಂತಾರ. ಕಳಸು.”

ಕಳಿಸಿದೆ. “ವಾಹ್!” ಎಂದರು, ಮನೆಯೆಲ್ಲ ತಿರುಗಿ ನೋಡುವಂತೆ. ಮುಂದಿನ ಬೋರ್ಡಿನಲ್ಲಿ ಅದೇ ನಡುಗುವ ಕೈಯಿಂದ ರಾಣಿಯನ್ನೂ ನನ್ನ ಮಾನವನ್ನೂ ಒಟ್ಟಿಗೆ ತೆಗೆದರು. ಹಲ್ಲು ಕಚ್ಚಿಕೊಳ್ಳಲು ನನಗೆ ನೆನಪೇ ಆಗಲಿಲ್ಲ. “ವಾಹ್, ವೈನಿ!” ಎಂದು ಕೂಗಿಬಿಟ್ಟಿದ್ದೆ.